ಹಳೇ ಸಿಎಂಎಂ ಕೊಳ್ಳುವವರೇ, ರಿಂಗ್ ಗೇಜ್ ನಂಬಿ ದುಡ್ಡು ಕೊಡಬೇಡಿ

ಸೆಕೆಂಡ್ ಹ್ಯಾಂಡ್ ಸಿಎಂಎಂಗೆ (ಜಾಬ್ ಅಳೆಯುವ ಕೋಆರ್ಡಿನೇಟ್ ಮೆಷರಿಂಗ್ ಮಷಿನ್) ಅಡ್ವಾನ್ಸ್ ಕೊಡಲು ಹೊರಟಿರುವ ಸಣ್ಣ ಶಾಪ್‌ನವರು ದಯವಿಟ್ಟು ಇದನ್ನು ಪೂರ್ತಿ ಓದಿ. ತುಮಕೂರಿನ ವಸಂತನರಸಾಪುರದ ಒಂದು ಜಾಬ್‌ವರ್ಕ್ ಶಾಪ್‌ಗೆ ಬಂದಿಳಿದ ಬ್ರಿಡ್ಜ್ ಮಷಿನ್ (ಟೇಬಲ್ ಮೇಲೆ ಸೇತುವೆಯಂಥ ಚೌಕಟ್ಟು ಓಡಾಡುವ ಸಿಎಂಎಂ) ನೋಡಲು ಚೆನ್ನಾಗಿಯೇ ಇತ್ತು. ಗ್ರಾನೈಟ್ ಟೇಬಲ್ ಮೇಲೆ ಒಂದು ಗೀರಿಲ್ಲ, ಜಾಬ್ ಮುಟ್ಟಿ ಅಳೆಯುವ ಪ್ರೋಬ್ ಸರಿಯಾಗಿ ಟ್ರಿಗರ್ ಆಗುತ್ತಿತ್ತು. ಮಾರಿದವರು 40 ಎಂಎಂ ರಿಂಗ್ ಗೇಜ್ (ವ್ಯಾಸ ಖಚಿತವಾಗಿ ಗೊತ್ತಿರುವ ಉಂಗುರ) ಅಳೆದು ತೋರಿಸಿದರು, ವ್ಯಾಸ ನಿಜ ಅಳತೆಯ 3 ಮೈಕ್ರಾನ್ (ಎಂಎಂನ ಸಾವಿರದ ಒಂದು ಭಾಗವೇ ಮೈಕ್ರಾನ್) ಒಳಗೇ ಬಂತು. ಆಮೇಲೆ ಇದೇ ಮಷಿನ್ ಓಕೆ ಅಂದ 400 ಎಂಎಂ ಕವರ್‌ಗಳು ಡವೆಲ್ ಹೋಲ್ (ಜೋಡಣೆಯ ಪಿನ್ ಕೂರುವ ತೂತು) ಪೊಸಿಷನ್‌ನಲ್ಲಿ ರಿಜೆಕ್ಟ್ ಆಗಿ ಲಾಟ್‌ಗಟ್ಟಲೆ ವಾಪಸ್ ಬಂದವು.

ಸಿಎಂಎಂ ನಿಖರತೆ ಬರೀ ಗ್ರಾನೈಟ್‌ನಿಂದ ಬರುವುದಲ್ಲ. ಮೂರು ಆಕ್ಸಿಸ್‌ಗೆ ಸೇರಿ 21 ಜ್ಯಾಮಿತಿ ದೋಷಗಳಿರುತ್ತವೆ. ಅವನ್ನು ಲೇಸರ್‌ನಲ್ಲಿ ಅಳೆದು, ಸರಿದೂಗಿಸುವ ಮ್ಯಾಪ್ ಫೈಲನ್ನು ಕಂಟ್ರೋಲರ್‌ಗೋ ಕಂಪ್ಯೂಟರ್‌ಗೋ ಹಾಕಿರುತ್ತಾರೆ. ಇಲ್ಲಿ ಹಳೇ ಕಂಪ್ಯೂಟರ್ ಬದಲಿಸುವಾಗ ಆ ಫೈಲೇ ಬಂದಿರಲಿಲ್ಲ. ಸಾಲದ್ದಕ್ಕೆ ಟ್ರಾನ್ಸ್‌ಪೋರ್ಟ್ ಕ್ಲ್ಯಾಂಪ್ ಹಾಕದೆ ಲಾರಿಗೆ ಏರಿಸಿ, ಎಕ್ಸ್-ವೈ ನಡುವಿನ ಮೂಲೆಮಟ್ಟವೂ (90 ಡಿಗ್ರಿ ಕೋನ) ತಪ್ಪಿತ್ತು. ಮೂಲೆಮಟ್ಟ ತಪ್ಪಿದರೆ ವೃತ್ತ ಒಂದು ಕಡೆ ಉದ್ದವಾಗಿ ಇನ್ನೊಂದು ಕಡೆ ಅಷ್ಟೇ ಕುಗ್ಗುತ್ತದೆ, ಸರಾಸರಿ ವ್ಯಾಸ ಮಾತ್ರ ಸರಿಯಾಗೇ ಕಾಣುತ್ತದೆ. ರಿಂಗ್ ಗೇಜ್ ಪರೀಕ್ಷೆಗೆ ಬೆಲೆ ಇಲ್ಲ ಅನ್ನುವುದು ಅದಕ್ಕೇ.

ಅದರ ಬದಲು ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬಿನ ಸರ್ಟಿಫಿಕೇಟ್ ಇರುವ 300 ಎಂಎಂ ಸ್ಲಿಪ್ ಗೇಜ್ (ಉದ್ದ ಖಚಿತವಾಗಿ ಗೊತ್ತಿರುವ ತುಂಡು) ತರಿಸಿ, ಹಿಂದಿನ ರಾತ್ರಿಯೇ ಸಿಎಂಎಂ ರೂಮಿನಲ್ಲಿಡಿ. ಎಕ್ಸ್, ವೈ ಉದ್ದಕ್ಕೆ ಅಳೆಯಿರಿ. ಆಮೇಲೆ ಟೇಬಲ್ ಮೇಲೆ 45 ಡಿಗ್ರಿಗೆ ಒಂದು ಕರ್ಣ, ಅದಕ್ಕೆ ಅಡ್ಡಲಾಗಿ ಇನ್ನೊಂದು ಕರ್ಣ, ಒಂದೊಂದನ್ನೂ ಮೂರು ಸಲ. ಈ ಮಷಿನ್‌ನಲ್ಲಿ ಒಂದು ಕರ್ಣ 300.030, ಇನ್ನೊಂದು 299.972 ತೋರಿಸಿತು. 58 ಮೈಕ್ರಾನ್ ವ್ಯತ್ಯಾಸ! ಫಿಕ್ಸ್‌ಚರ್ ಸಿಕ್ಕರೆ ಝಡ್ ಸೇರಿಸಿ ಓರೆಯಾಗಿಯೂ ನಿಲ್ಲಿಸಿ ಅಳೆಯಿರಿ. ಈ ಪರೀಕ್ಷೆ ಮಾರುವವರ ಗೋಡೌನ್‌ನಲ್ಲಿ ಪಾಸಾದರೆ ಸಾಲದು. ಬಿಚ್ಚಿ ಸಾಗಿಸಿದ ಮಷಿನ್‌ಗೆ ಹಳೇ ಸರ್ಟಿಫಿಕೇಟ್ ಅನ್ವಯಿಸುವುದಿಲ್ಲ. ನಿಮ್ಮ ಜಾಗದಲ್ಲಿ ಐಎಸ್‌ಒ 10360-2 (ಸಿಎಂಎಂ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಕ್ಯಾಲಿಬ್ರೇಷನ್ ಆಗುವವರೆಗೆ ಕನಿಷ್ಠ 30% ಹಣ ತಡೆಹಿಡಿಯುವುದಾಗಿ ಕರಾರಿನಲ್ಲೇ ಬರೆಸಿ. ಮ್ಯಾಪ್ ಫೈಲ್, ಸಾಫ್ಟ್‌ವೇರ್ ಡಾಂಗಲ್ (ಸಾಫ್ಟ್‌ವೇರ್ ತೆರೆಯಲು ಕಂಪ್ಯೂಟರ್‌ಗೆ ಸಿಕ್ಕಿಸುವ ಕೀಲಿ), ನಿಮ್ಮ ಹೆಸರಿಗೆ ಲೈಸೆನ್ಸ್ ವರ್ಗಾವಣೆ, ಇಷ್ಟೂ ಕೈಗೆ ಬರಬೇಕು. ಮ್ಯಾಪ್ ಇಲ್ಲದಿದ್ದರೆ ಮತ್ತೆ ಲೇಸರ್ ಹಚ್ಚಿಸಬೇಕು, ಅಗ್ಗಕ್ಕೆ ಸಿಕ್ಕ ಲಾಭ ಅಲ್ಲೇ ಕರಗುತ್ತದೆ.

ಇನ್ನು ಬಿಸಿ. ಏಪ್ರಿಲ್‌ನಲ್ಲಿ 32 ಡಿಗ್ರಿಯ ಜಾಬನ್ನು ಶಾಪ್ ಫ್ಲೋರ್‌ನಿಂದ ನೇರ ತಂದು 20 ಡಿಗ್ರಿಯ ಮಷಿನ್ ಮೇಲಿಟ್ಟರೆ, 300 ಎಂಎಂ ಉದ್ದಕ್ಕೆ ಸ್ಟೀಲ್ ಸುಮಾರು 41 ಮೈಕ್ರಾನ್, ಅಲ್ಯುಮಿನಿಯಂ 83 ಮೈಕ್ರಾನ್ ಹೆಚ್ಚು ತೋರಿಸುತ್ತದೆ. ಆಗ ಮಷಿನ್ ಬೈದು ಪ್ರಯೋಜನವಿಲ್ಲ.

ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶಾಪ್ ಕಂಪ್ರೆಸರ್‌ನ ಎಣ್ಣೆ, ನೀರು, ಬ್ರಿಡ್ಜನ್ನು ಗಾಳಿಯ ಪದರದ ಮೇಲೆ ತೇಲಿಸುವ ಏರ್ ಬೇರಿಂಗ್ ಸೇರಿದರೆ ಬ್ರಿಡ್ಜ್ ಹಿಡಿದು ಹಿಡಿದು ಓಡುತ್ತದೆ. ಡ್ರೈಯರ್, ಅದರ ನಂತರ ಎಣ್ಣೆ ಹಿಡಿಯುವ ಫಿಲ್ಟರ್ ಬೇಕೇ ಬೇಕು. ಕೊಳ್ಳುವ ದಿನ ಗಾಳಿ ವಾಲ್ವ್ ನಿಧಾನಕ್ಕೆ ಮುಚ್ಚಿಸಿ ನೋಡಿ: ಒತ್ತಡ ಇಳಿದ ಕೂಡಲೇ ಮಷಿನ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಪ್ರೆಷರ್ ಸ್ವಿಚ್ ಕೆಟ್ಟಿದೆ ಅಥವಾ ಬೈಪಾಸ್ ಮಾಡಿದ್ದಾರೆ. ಅಂಥ ಮಷಿನ್ ಬೇಡವೇ ಬೇಡ.