ಸತ್ಯವೇದ ಓದುವ ಆನ್‌ಲೈನ್ ಕೋರ್ಸ್: ಪಾಠಕ್ಕೆ ನಾಲ್ಕು ಸ್ಟಾರ್, ಕ್ವಿಜ್‌ಗೆ ಒಂದೇ

ಸತ್ಯವೇದವನ್ನು (ಬೈಬಲನ್ನು) ಹೇಗೆ ಓದಬೇಕು, ಅದರ ಅರ್ಥದ ಬಗ್ಗೆ ಕ್ರೈಸ್ತರೇ ಕಿತ್ತಾಡಿದಾಗ ಏನು ಮಾಡಬೇಕು ಅಂತ ಹೇಳಿಕೊಡುವ ಆನ್‌ಲೈನ್ ಕೋರ್ಸ್ ಇದು. ಹೆಸರು ಬೇಡ. ತಗೊಳ್ಳಬೇಕೋ ಬೇಡವೋ ಅನ್ನುವವರಿಗೆ ಒಳಗೆ ಏನಿದೆ ಅಂತ ಗೊತ್ತಾದರೆ ಸಾಕು.

ಓದುವ ಭಾಗ ಚೆನ್ನಾಗಿದೆ. ಯೆರೆಮೀಯ 29:11 ಗೊತ್ತಲ್ವಾ, ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ, ಕ್ಯಾಲೆಂಡರು, ಹುಟ್ಟುಹಬ್ಬದ ಕಾರ್ಡು ಎಲ್ಲದರಲ್ಲೂ ಇರುವ ವಾಕ್ಯ? ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದ ಯೆಹೂದ್ಯರಿಗೆ ಬರೆದ ಕಾಗದ. ಹಿಂದಿನ ವಚನದಲ್ಲೇ 70 ವರ್ಷ ಅಂತಿದೆ, ಅಂದರೆ ಕಾಗದ ಓದಿಸಿಕೊಂಡ ಎಷ್ಟೋ ಜನ ಊರಿಗೆ ಮರಳುವ ದಿನ ನೋಡಲೇ ಇಲ್ಲ. ಮುಂದಿನ ವಾರದ ಇಂಟರ್‌ವ್ಯೂಗೆ ಕೊಟ್ಟ ಮಾತು ಅದಲ್ಲ. ವಾಕ್ಯ ಕಿತ್ತುಕೊಳ್ಳಬೇಡಿ, ಸುತ್ತಮುತ್ತ ಓದಿ ಅಂತ ಎಲ್ಲರೂ ಹೇಳುತ್ತಾರೆ, ಇವರು ಮಾಡಿ ತೋರಿಸುತ್ತಾರೆ.

ಆದರೆ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಊಟದ ಪಾಠದಲ್ಲಿ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಸೊಪ್ಪು ತರಕಾರಿ ಮಾತ್ರ. ಪರಸ್ಪರ ತೀರ್ಪು ಮಾಡಬೇಡಿ ಅನ್ನುತ್ತಾನೆ ಪತ್ರ ಬರೆದ ಅಪೊಸ್ತಲ ಪೌಲ. ಅದೇ ಪೌಲ ಗಲಾತ್ಯದ ಪತ್ರದ 2ನೇ ಅಧ್ಯಾಯದಲ್ಲಿ, ಊಟದ ವಿಷಯಕ್ಕೇ, ಎಲ್ಲರ ಮುಂದೆ ಯೇಸುವಿನ ಶಿಷ್ಯ ಪೇತ್ರನನ್ನು ತರಾಟೆಗೆ ತೆಗೆದುಕೊಂಡ! ಏನು ವ್ಯತ್ಯಾಸ? ಒಂದು ಕಡೆ ತಟ್ಟೆಯಲ್ಲಿ ಏನಿದೆ ಅನ್ನುವುದು ಪ್ರಶ್ನೆ. ಇನ್ನೊಂದು ಕಡೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಉಣ್ಣುತ್ತಿದ್ದ ಪೇತ್ರ, ಯೆಹೂದ್ಯ ನಿಯಮಕ್ಕೆ ಪಟ್ಟು ಹಿಡಿದ ಕೆಲವರಿಗೆ ಹೆದರಿ ಎದ್ದುಹೋದ, ಅವರನ್ನು ಎರಡನೇ ದರ್ಜೆಯವರನ್ನಾಗಿ ಮಾಡಿದ. ಯಾವುದನ್ನು ಬಿಟ್ಟುಕೊಡಬೇಕು, ಯಾವುದಕ್ಕೆ ಪಟ್ಟು ಹಿಡಿಯಬೇಕು ಅನ್ನುವುದಕ್ಕೆ ಇಷ್ಟು ಸಲೀಸಾದ ವಿವರಣೆ ನಾನು ಬೇರೆಲ್ಲೂ ಕೇಳಿಲ್ಲ.

ಮಾರ್ಕನನ್ನು ಪ್ರಯಾಣಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ ಅನ್ನುವ ವಿಷಯಕ್ಕೆ ಪೌಲ, ಅವನ ಜೊತೆಗಾರ ಬಾರ್ನಬ ಬೇರೆಯಾದದ್ದನ್ನೂ ಪ್ರಾಮಾಣಿಕವಾಗಿ ಹೇಳಿದ್ದಾರೆ. ಯಾರದು ಸರಿ ಅಂತ ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕ ಹೇಳುವುದಿಲ್ಲ, ಇವರೂ ಹೇಳಲಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ನಡೆದ ಮಾತುಕತೆಯನ್ನು ಮಾತ್ರ ಅವಸರದಲ್ಲಿ ಓಡಿಸಿಬಿಟ್ಟರು. ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ 15 ಅಂಶಗಳಲ್ಲಿ 14ಕ್ಕೆ ಒಪ್ಪಿ, ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ) ವಿಷಯದಲ್ಲಿ ಮುರಿದುಕೊಂಡರು. ಅಷ್ಟು ಹತ್ತಿರ ಬಂದು ಯಾಕೆ ಹಾಗಾಯಿತು ಅನ್ನುವುದೇ ಅಲ್ವಾ ಕೇಳಬೇಕಾದ್ದು?

ಈಗ ಕ್ವಿಜ್. ರೋಮಾಪುರದ 14ನೇ ಅಧ್ಯಾಯ ಅಷ್ಟು ಚಂದ ಕಲಿಸಿದ ಮೇಲೆ, ಶಿಶುಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡಬಹುದೇ ಅಂತ ಪ್ರಶ್ನೆ, ಅದಕ್ಕೆ ಒಂದೇ ಸರಿ ಉತ್ತರ! ಇನ್ನೊಂದನ್ನು ಒತ್ತಿದರೆ ಕೆಂಪು ಗುರುತು. ನೂರಾರು ವರ್ಷಗಳಿಂದ ಎರಡೂ ಕಡೆ ವಾಕ್ಯ ಬಲ್ಲವರು ಇದ್ದಾರೆ, ಸ್ವಾಮಿ. ಹೆಂಗಸರು ಬೋಧಿಸುವ ವಿಷಯದಲ್ಲೂ ಅದೇ ಕಥೆ. ಹೆಂಗಸು ಬೋಧಿಸುವುದಕ್ಕೆ ನಾನು ಬಿಡುವುದಿಲ್ಲ ಅನ್ನುವ 1 ತಿಮೊಥೆಯ 2:12 ಇದೆ, ಅಪೊಲ್ಲೋಸನಿಗೆ ದೇವರ ಮಾರ್ಗವನ್ನು ಗಂಡನ ಜೊತೆ ಸೇರಿ ವಿವರಿಸಿದ ಪ್ರಿಸ್ಕಿಲ್ಲಳ ಸುದ್ದಿಯೇ ಇಲ್ಲ. ಅವರ ಸಭೆಯ (ಚರ್ಚಿನ) ನಿಲುವು ಅದೇ ಆಗಿದ್ದರೆ ಮೊದಲೇ ಹಾಗಂತ ಹೇಳಲಿ, ನನ್ನ ತಕರಾರಿಲ್ಲ. ಎಲ್ಲ ಸಭೆಗಳವರಿಗೂ ಅಂತ ಜಾಹೀರಾತು ಕೊಟ್ಟು ಹೀಗೆ ಮಾಡುವುದು ಸರಿಯಲ್ಲ.

ತಗೊಳ್ಳುವುದಾದರೆ ನಿಮ್ಮ ಅಭಿಪ್ರಾಯ ಒಪ್ಪದ ಬೇರೆ ಸಭೆಯ ಸ್ನೇಹಿತರ ಜೊತೆ ಕೂತು ನೋಡಿ. ಕ್ವಿಜ್ ಬಿಟ್ಟರೂ ಮುಂದಿನ ಪಾಠ ತೆರೆದುಕೊಳ್ಳುತ್ತದೆ, ಸರ್ಟಿಫಿಕೇಟ್ ಸಿಗುವುದಿಲ್ಲ ಅಷ್ಟೇ.