ನಾಯಿಯ ತಂಪು ಅಂಗಿ: ಬಳ್ಳಾರಿಯಲ್ಲಿ ಉಪಯುಕ್ತ, ಮಂಗಳೂರಿನಲ್ಲಿ ನಿಷ್ಪ್ರಯೋಜಕ

‘ಕೂಲಿಂಗ್ ವೆಸ್ಟ್’ ಎಂಬ ಹೆಸರಿನಲ್ಲಿ ನಾಯಿಗಳಿಗಾಗಿ ಮಾರಾಟವಾಗುವ ಅಂಗಿಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಹೊರಗೆ ಜಾಳುಜಾಳಾದ ಬಟ್ಟೆ, ನಡುವೆ ನೀರು ಹೀರುವ ಪದರ, ಒಳಗೆ ಮೈಗೆ ತಾಗುವ ತೆಳುವಾದ ಅಸ್ತರು. ನೀರಿನಲ್ಲಿ ಅದ್ದಿ, ಹಿಂಡಿ ತೊಡಿಸಿದರೆ, ನೀರು ಆವಿಯಾಗುತ್ತಾ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಅಂಥದೊಂದು ಅಂಗಿಯನ್ನು ನಮ್ಮ ಮನೆಯ ಪಗ್‌ಗೆ ಬಳ್ಳಾರಿಯ ಏಪ್ರಿಲ್‌ನಲ್ಲೂ ಮಂಗಳೂರಿನ ಮೇ ತಿಂಗಳಲ್ಲೂ ತೊಡಿಸಿದ ಅನುಭವದ ಮೇಲೆ ಈ ವಿಮರ್ಶೆ.

ಬಳ್ಳಾರಿಯ ಒಣ ಬಿಸಿಲಿನಲ್ಲಿ ಅಂಗಿ ತನ್ನ ಕೆಲಸ ಮಾಡಿತು. ಮುಟ್ಟಿದರೆ ಒಳಭಾಗ ತಣ್ಣಗಿರುತ್ತಿತ್ತು, ಜಗುಲಿಯ ನೆರಳಿಗೆ ಬಂದೊಡನೆ ನಾಯಿಯ ಏದುಸಿರು ಬೇಗ ಇಳಿಯುತ್ತಿತ್ತು. ತೊಂದರೆಯೆಂದರೆ ಅದು ಬೇಗ ಒಣಗುತ್ತದೆ, ಒಣಗಿದ ಮೇಲೆ ನಾಯಿಯ ಮೈಮೇಲೆ ಉಳಿಯುವುದು ಇನ್ನೊಂದು ದಪ್ಪ ಬಟ್ಟೆ ಮಾತ್ರ. ಮಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿನ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅಂಗಿ ಒಣಗಲೇ ಇಲ್ಲ, ಕೆಲವೇ ನಿಮಿಷಗಳಲ್ಲಿ ಮೈಯ ಬಿಸಿಗೆ ಬೆಚ್ಚಗಾಗಿ ಒದ್ದೆ ಕಂಬಳಿಯಂತೆ ಮೈಗೆ ಅಂಟಿಕೊಂಡಿತು. ನಾಯಿ ಅದನ್ನು ತೆಗೆಸಿಕೊಂಡು ಹೋಗಿ ಕಾವಿ ನೆಲದ ಮೇಲೆ ಹೊಟ್ಟೆ ಚಾಚಿ ಮಲಗಿತು.

ಇಲ್ಲಿ ಗಮನಿಸಬೇಕಾದದ್ದು ನಾಯಿಯ ದೇಹರಚನೆ. ಅದರ ಬೆವರುಗ್ರಂಥಿಗಳು ಬಹುಪಾಲು ಅಂಗಾಲಿನಲ್ಲಷ್ಟೇ ಇರುವುದರಿಂದ, ಮೈ ತಂಪಾಗಲು ಅದು ನಾಲಗೆ ಮತ್ತು ಮೂಗಿನ ತೇವ ಆವಿಯಾಗುವುದನ್ನೇ ನಂಬಿದೆ. ಅಂದರೆ ಕರಾವಳಿಯ ಸೆಕೆಯಲ್ಲಿ ನಾಯಿಯ ಏದುಸಿರೂ ಈ ಅಂಗಿಯೂ ಒಂದೇ ಕಾರಣಕ್ಕೆ, ಒಂದೇ ಹೊತ್ತಿನಲ್ಲಿ ಸೋಲುತ್ತವೆ. ಪಗ್, ಬುಲ್‌ಡಾಗ್‌ಗಳಂಥ ಮೊಂಡು ಮೂಗಿನ ತಳಿಗಳಲ್ಲಿ ಉಸಿರಿನ ದಾರಿಯೇ ಇಕ್ಕಟ್ಟಾಗಿರುವುದರಿಂದ ಏದುಸಿರು ಬಿಡುವ ಶ್ರಮವೇ ಮತ್ತಷ್ಟು ಶಾಖ ಹುಟ್ಟಿಸುತ್ತದೆ. (ಹಿಂದೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನೋಡಿ ಅದನ್ನೇ ತಂದವರಿಗೆ ಇದನ್ನು ಹೇಳುವವರು ಆಗ ಯಾರೂ ಇರಲಿಲ್ಲ.) ಬೊಜ್ಜು, ಮುಪ್ಪು, ಹೃದ್ರೋಗಗಳೂ ಅಪಾಯವನ್ನು ಹೆಚ್ಚಿಸುತ್ತವೆ, ವಯಸ್ಸಾದ ಲ್ಯಾಬ್ರಡಾರ್‌ಗಳಲ್ಲಿ ಕಾಣಿಸುವ ಗಂಟಲಿನ ಪಾರ್ಶ್ವವಾಯುವೂ ಇಂಥದೇ.

ಪೊಟ್ಟಣದ ಮೇಲೆ ‘ಬಿಸಿಲಿನಲ್ಲೂ ನಿಶ್ಚಿಂತೆಯ ವಾಕಿಂಗ್’ ಎಂಬರ್ಥದ ಸಾಲು ಅಚ್ಚಾಗಿದೆ. ಇದು ಉತ್ಪ್ರೇಕ್ಷೆ ಮಾತ್ರವಲ್ಲ, ಅಪಾಯಕಾರಿಯೂ ಹೌದು. ಒಂಬತ್ತು ಲಕ್ಷಕ್ಕೂ ಹೆಚ್ಚು ನಾಯಿಗಳ ಚಿಕಿತ್ಸಾ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ಪ್ರಕಾರ, ಶಾಖಾಘಾತದ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಓಡಾಟ ಮತ್ತು ಆಟ. ನಾವು ಹೆಚ್ಚು ಭಯಪಡುವ ಮುಚ್ಚಿದ ಕಾರಿನ ಪಾಲು ಅದಕ್ಕಿಂತ ಬಹಳ ಕಡಿಮೆ. ಅಂಗಿ ತೊಡಿಸಿದ ಧೈರ್ಯದಲ್ಲಿ ಮಾಲೀಕರು ಮಧ್ಯಾಹ್ನ ನಾಯಿಯನ್ನು ಹೊರಗೆ ಕರೆದೊಯ್ದರೆ ಆಗುವುದು ಇದೇ. ಜೊತೆಗೆ, ಕಾದ ಡಾಂಬರಿನಿಂದ ಅಂಗಾಲನ್ನು ಯಾವ ಅಂಗಿಯೂ ಕಾಪಾಡುವುದಿಲ್ಲ.

ಜೊತೆಗೆ ಬಂದ ಕರಪತ್ರದಲ್ಲಿ ಒಗೆಯುವ ವಿಧಾನವಿದೆಯೇ ಹೊರತು, ಇರಲೇಬೇಕಾಗಿದ್ದ ಮಾತು ಇಲ್ಲ. ನಾಯಿಯ ಸಹಜ ಉಷ್ಣಾಂಶ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿ, ಜೊಲ್ಲು ಸುರಿದು, ವಸಡು ಕಡುಗೆಂಪಾಗಿ, ನಡಿಗೆ ತಡವರಿಸತೊಡಗಿದರೆ ಅಂಗಿಯನ್ನು ಮೊದಲು ಬಿಚ್ಚಬೇಕು. ಮೈಮೇಲೆ ನೀರು ಸುರಿಯುತ್ತಾ, ಗಾಳಿ ಬೀಸುತ್ತಾ ತಂಪು ಮಾಡಲು ತೊಡಗಿ, ಆ ಬಳಿಕ ಪಶುವೈದ್ಯರಲ್ಲಿಗೆ ಒಯ್ಯಬೇಕು. ಒದ್ದೆ ಬಟ್ಟೆ ಹೊದಿಸಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ಹೊಲಿಗೆ ಗಟ್ಟಿಯಾಗಿದೆ, ಅಳತೆ ಮಾತ್ರ ಮೋಸ ಮಾಡುತ್ತದೆ: ಪಗ್‌ನ ಎದೆ ಅಗಲವಾದ್ದರಿಂದ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಸೈಜ್ ದೊಡ್ಡದನ್ನೇ ಕೊಳ್ಳಬೇಕು, ಬಿಗಿಯಾದರೆ ಉಸಿರಾಟಕ್ಕೇ ಅಡ್ಡಿ. ರಾಯಚೂರು, ಕಲಬುರಗಿ, ಬಳ್ಳಾರಿಯವರು ಮುಂಜಾನೆಯ ಓಡಾಟಕ್ಕೆ ಇದನ್ನು ಕೊಳ್ಳಬಹುದು. ಕರಾವಳಿಯವರಿಗೆ ಅದೇ ಹಣದಲ್ಲಿ ಒಂದು ಮೇಜಿನ ಫ್ಯಾನು ಹೆಚ್ಚು ಉಪಯೋಗಕ್ಕೆ ಬರುತ್ತದೆ.