ಮೂರು ವರ್ಷ, 42 ಸಾವಿರ ಕಿಲೋಮೀಟರ್: ನನ್ನ ಸ್ಪ್ಲೆಂಡರ್ ಪ್ಲಸ್‌ನ ಪೂರ್ತಿ ಲೆಕ್ಕ

2022ರ ಆಗಸ್ಟ್‌ನಲ್ಲಿ ಹೀರೋ ಸ್ಪ್ಲೆಂಡರ್ ಪ್ಲಸ್ ತಗೊಂಡೆ. ಊರಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 45 ಕಿಲೋಮೀಟರ್. ಮೂರು ವರ್ಷದಲ್ಲಿ ಗಾಡಿ 42 ಸಾವಿರ ಓಡಿತು. ಹಾಕಿದ ಪ್ರತಿ ರೂಪಾಯಿಯನ್ನೂ ಒಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಹೊಸದಾಗಿ ಬೈಕ್ ತಗೊಳ್ಳೋರಿಗೆ ಉಪಯೋಗ ಆಗಲಿ ಅಂತ ಹೇಳುತ್ತಿದ್ದೇನೆ.

ಎಕ್ಸ್ ಶೋರೂಮ್ ಬೆಲೆ, ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸುವ ಮೊದಲಿನ ಶೋರೂಮ್ ಬೆಲೆ, 72 ಸಾವಿರ. ಮನೆಗೆ ತಂದಾಗ 93 ಸಾವಿರ ಆಗಿತ್ತು. ನಡುವೆ ದೊಡ್ಡ ಪಾಲು ರೋಡ್ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ 50 ಸಾವಿರದಿಂದ 1 ಲಕ್ಷದ ಒಳಗಿನ ಬೈಕಿಗೆ 12 ಪರ್ಸೆಂಟ್, ಆ ಟ್ಯಾಕ್ಸ್ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ನನಗೆ 9,600 ರೂಪಾಯಿ ಹತ್ತಿರ ಬಂತು. ಲಕ್ಷ ದಾಟಿದರೆ 18 ಪರ್ಸೆಂಟ್. ಅಂದರೆ 95 ಸಾವಿರದ ಬೈಕ್ ಬಿಟ್ಟು 1.05 ಲಕ್ಷದ್ದು ತಗೊಂಡರೆ ಬೆಲೆಯಲ್ಲಿ 10 ಸಾವಿರ ಜಾಸ್ತಿ, ಟ್ಯಾಕ್ಸ್‌ನಲ್ಲೇ ಇನ್ನೊಂದು 8 ಸಾವಿರ ಜಾಸ್ತಿ! ಇದನ್ನು ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಇನ್ಶೂರೆನ್ಸ್ ಸುಮಾರು ಆರೂವರೆ ಸಾವಿರ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಕಡ್ಡಾಯ. ಆದರೆ ನಮ್ಮ ಗಾಡಿಗೆ ಆಗುವ ಡ್ಯಾಮೇಜ್‌ನ ಪಾಲಿಸಿ ನನಗೆ ಕೊಟ್ಟಿದ್ದು ಒಂದೇ ವರ್ಷಕ್ಕೆ. ಐದು ವರ್ಷ ಎಲ್ಲಾ ಕಟ್ಟಾಗಿದೆ ಅಂದುಕೊಂಡು ಸುಮ್ಮನಿದ್ದೆ. ಎರಡನೇ ವರ್ಷ ನಾಯಿ ಅಡ್ಡ ಬಂದು ಬಿದ್ದಾಗ ರಿಪೇರಿಗೆ 2,300 ಕೈಯಿಂದಲೇ ಹೋಯಿತು.

ಇನ್ನು ಶೋರೂಮಿನವರು ಬಿಲ್‌ನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಅಂತ 1,500 ಸೇರಿಸಿದ್ದರು. ಯಾಕೆ ಅಂತ ಕೇಳಿದೆ, ಎಲ್ಲರೂ ಕೊಡ್ತಾರೆ ಸರ್ ಅಂದರು, ಕೊಟ್ಟುಬಿಟ್ಟೆ. ಆರು ತಿಂಗಳಾದ ಮೇಲೆ ನನ್ನ ಭಾವ ಅಲ್ಲೇ ಗಾಡಿ ತಗೊಂಡಾಗ ಇದನ್ನು ತೆಗೀರಿ ಅಂತ ಗಟ್ಟಿಯಾಗಿ ಕೂತ, ತೆಗೆದರು. ಹೆಲ್ಮೆಟ್ ಕೂಡ ಅಷ್ಟೇ. ಹೊಸ ಬೈಕಿನ ಜೊತೆ ಐಎಸ್‌ಐ ಹೆಲ್ಮೆಟ್ ಕೊಡಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ, ನನ್ನ ಹತ್ತಿರ ಅದಕ್ಕೂ ದುಡ್ಡು ತಗೊಂಡರು. ದಯವಿಟ್ಟು ಬಿಲ್ಲಿನ ಒಂದೊಂದು ಸಾಲನ್ನೂ ಓದಿ, ನಾಚಿಕೆ ಬೇಡ.

ಸಾಲದ ಕಥೆ ಇದಕ್ಕಿಂತ ದೊಡ್ಡದು. 31 ಸಾವಿರ ಕೈಯಿಂದ ಕಟ್ಟಿ 62 ಸಾವಿರ ಲೋನ್ ಮಾಡಿದೆ. ಬಡ್ಡಿ 10 ಪರ್ಸೆಂಟ್ ಅಂದರು, ಖುಷಿಯಾಯಿತು. ಅದು ಫ್ಲ್ಯಾಟ್ ರೇಟ್. ತಿಂಗಳು ತಿಂಗಳು ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಕೊನೆವರೆಗೂ ಪೂರ್ತಿ 62 ಸಾವಿರಕ್ಕೇ ಹಾಕುತ್ತಾರೆ. 3,100ರಂತೆ 24 ಕಂತು, ಬಡ್ಡಿಯೇ 12,400. ನಿಜವಾದ ಬಡ್ಡಿ 18 ಪರ್ಸೆಂಟ್ ಆಯಿತು. ಊರಿನ ಸೊಸೈಟಿಯಲ್ಲಿ ಕೇಳಬೇಕಿತ್ತು ಅಂತ ಈಗಲೂ ಬೇಜಾರಿದೆ.

ಗಾಡಿ ಬಗ್ಗೆ ಮಾತ್ರ ದೂರಿಲ್ಲ. 97 ಸಿಸಿ ಇಂಜಿನ್, ಹಳ್ಳಿ ರಸ್ತೆಯಲ್ಲೂ ಲೀಟರಿಗೆ ಸರಾಸರಿ 65 ಕೊಟ್ಟಿದೆ. ಹಾಗಿದ್ದರೂ ಮೂರು ವರ್ಷಕ್ಕೆ ಪೆಟ್ರೋಲ್ 66 ಸಾವಿರ ರೂಪಾಯಿದ್ದು ಕುಡಿದಿದೆ. ಹೆಚ್ಚುಕಡಿಮೆ ಇನ್ನೊಂದು ಬೈಕಿನ ದುಡ್ಡು, ಅಲ್ವಾ? ಲೀಟರಿಗೆ 40 ಕೊಡುವ ಗಾಡಿ ಆಗಿದ್ದರೆ ಲಕ್ಷ ದಾಟುತ್ತಿತ್ತು. ದಿನಾ ಓಡಿಸೋರು ಬೆಲೆಗಿಂತ ಮೊದಲು ಈ ಲೆಕ್ಕ ಹಾಕಿ.

ಫ್ರೀ ಸರ್ವಿಸ್‌ನಲ್ಲಿ ಕೂಲಿ ಮಾತ್ರ ಫ್ರೀ, ಆಯಿಲ್ ದುಡ್ಡು ನಮ್ಮದೇ. 3 ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಮಾಡಿಸಿದೆ, ಎಲ್ಲಾ ಸೇರಿ 12 ಸಾವಿರ ಚಿಲ್ಲರೆ. ಚೈನ್ ಸ್ಪ್ರಾಕೆಟ್ ಒಂದು ಸಲ, ಹಿಂದಿನ ಟೈರ್ ಒಂದು ಸಲ, ಬ್ರೇಕ್ ಶೂ ಎರಡು ಸಲ. ಇಂಜಿನ್ ಬಿಚ್ಚಿಲ್ಲ. ಬಿಡಿಭಾಗ ಯಾವ ಸಣ್ಣ ಊರಲ್ಲೂ ಸಿಗುತ್ತದೆ, ಯಾವ ಮೆಕ್ಯಾನಿಕ್ಕಿಗೂ ಇದರ ಕೆಲಸ ಗೊತ್ತು.

ಕೊರತೆ ಅಂದರೆ ಎರಡೂ ಕಡೆ ಡ್ರಮ್ ಬ್ರೇಕ್, ಮಳೆಯಲ್ಲಿ ನಿಧಾನವಾಗಿ ಹಿಡಿಯುತ್ತದೆ. ಧರ್ಮಸ್ಥಳಕ್ಕೆ ಹೆಂಡತಿ ಜೊತೆ ಹೋಗಿ ಬರುವಾಗ ಶಿರಾಡಿ ಘಾಟ್ ಹತ್ತಲು ಎರಡನೇ ಗೇರಿನಲ್ಲೇ ಎಳೆಯಬೇಕಾಯಿತು.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಈಗ ತಗೊಳ್ಳೋರಿಗೆ ಅಷ್ಟು ಉಳಿತಾಯ. ನಾನಂತೂ ಇದನ್ನೇ ಇನ್ನೂ ಐದಾರು ವರ್ಷ ಓಡಿಸುತ್ತೇನೆ. ಮುಂದಿನ ಟೈರ್ ಸವೆದಿದೆ, ಸಂಬಳ ಬಂದ ತಕ್ಷಣ ಹಾಕಿಸಬೇಕು.